ಚೆಂಡು ನಿಂತ ಹೊತ್ತಿನಲ್ಲಿ

ಮೊದಲು ಬಂದದ್ದು ಅಣ್ಣನ ಸಂದೇಶ: 'ಕೂಗು ಕೇಳಿಸಿತು. ಗೋಲು ನಮ್ಮದೇ ಇರಬೇಕು. ಯಾರು ಹೊಡೆದರು?'

ನನ್ನ ಮೊಬೈಲ್ ಪರದೆಯ ಮೇಲೆ ಚೆಂಡು ಆಗಿನ್ನೂ ಮೈದಾನದ ನಡುವೆ ಓಡಾಡುತ್ತಿತ್ತು. ಇಂಟರ್ನೆಟ್ ಮೂಲಕ ಬರುವ ನೇರ ಪ್ರಸಾರ ನಿಜವಾದ ಆಟಕ್ಕಿಂತ ಸ್ವಲ್ಪ ಹಿಂದೆಯೇ ಇರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಗಿಹೋದ ಗೋಲು ನಮ್ಮೂರು ಸಾಗರಕ್ಕೆ ಇನ್ನೂ ತಲುಪಿರಲಿಲ್ಲ. 2019ರ ನವೆಂಬರ್ 2, ರಾಜ್ಯೋತ್ಸವದ ಮರುದಿನ, ಶನಿವಾರ. ರಾತ್ರಿ ಎಂಟೂವರೆ ದಾಟಿತ್ತು. ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತುಕತೆ, ಜಗಲಿಯಲ್ಲಿ ನಾನು ಮತ್ತು ಮೊಬೈಲ್. ಉಸಿರು ಬಿಗಿಹಿಡಿದು ಕಾದೆ. ಹದಿನೇಳನೆಯ ನಿಮಿಷದಲ್ಲಿ ಚೆಂಡು ಬಲೆ ಸೇರಿತು. 'ಲಂಡ್‌ಸ್ಟ್ರಮ್' ಎಂದು ಬರೆದು ಕಳಿಸಿದೆ.

ಅಣ್ಣ ಎಂದರೆ ನನ್ನ ದೊಡ್ಡಪ್ಪನ ಮಗ. ಶೆಫೀಲ್ಡ್ ಯುನೈಟೆಡ್ ಫುಟ್‌ಬಾಲ್ ತಂಡದ ಬ್ರಮಾಲ್ ಲೇನ್ ಮೈದಾನದಿಂದ ನಡೆದುಹೋಗುವಷ್ಟು ದೂರದಲ್ಲಿ ಅವನ ಮನೆ. ಕಿಟಕಿ ತೆರೆದರೆ ಜನರ ಕೂಗು ಒಳಗೆ ಬರುತ್ತದೆ. ಟಿಕೆಟ್ ಸಿಗದ ಶನಿವಾರಗಳಲ್ಲಿ ಆ ಕೂಗೇ ಅವನ ಪಾಲಿಗೆ ಆಟ. ರೇಡಿಯೊ ಇತ್ತು, ಮೊಬೈಲ್‌ನಲ್ಲಿ ಅಂಕಿಗಳು ಬರುತ್ತಿದ್ದವು. ಆದರೂ ಕಣ್ಣಾರೆ ಕಂಡವರ ಬಾಯಿಂದ ಕೇಳಬೇಕೆಂಬ ಹಂಬಲ ಅವನದು. ಕಂಡವಳು ಸಾವಿರಾರು ಕಿಲೋಮೀಟರ್ ಆಚೆ ಮಲೆನಾಡಿನಲ್ಲಿ ಕುಳಿತ ತಂಗಿ.

ಇದಕ್ಕೆ ಕಾರಣವಾದ ನಿಯಮ ಇಂಗ್ಲೆಂಡಿನದೇ. ಅಲ್ಲಿ ಶನಿವಾರ ಮಧ್ಯಾಹ್ನ ಎರಡೂ ಮುಕ್ಕಾಲರಿಂದ ಐದೂ ಕಾಲರವರೆಗೆ ಟಿವಿಯಲ್ಲಿ ಫುಟ್‌ಬಾಲ್ ಪಂದ್ಯವನ್ನು ನೇರವಾಗಿ ತೋರಿಸುವಂತಿಲ್ಲ. ದೊಡ್ಡ ತಂಡಗಳ ಆಟ ಮನೆಯಲ್ಲೇ ಕಾಣಸಿಕ್ಕರೆ ಸಣ್ಣ ಊರುಗಳ ಕ್ರೀಡಾಂಗಣಗಳು ಬರಿದಾಗುತ್ತವೆ ಎಂದು 1960ರ ದಶಕದಲ್ಲಿ ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ವಾದಿಸಿದರು. ಆ ವಾದ ಗೆದ್ದಿತು, ಇಂದಿಗೂ ಉಳಿದಿದೆ. ಮೂರು ಗಂಟೆಯ ಪಂದ್ಯಗಳು ಆ ದೇಶದಲ್ಲಿ ಕತ್ತಲೆಯಲ್ಲಿ ನಡೆಯುತ್ತವೆ, ಹೊರಗಿನವರಾದ ನಮಗೆ ಬೆಳಕಿನಲ್ಲಿ. ಅಂದು ಶೆಫೀಲ್ಡ್ ಎದುರು ಆಡುತ್ತಿದ್ದ ತಂಡವೂ ಬರ್ನ್‌ಲಿಯೇ. ಈ ನಿಯಮವನ್ನು ನಾನು ಗೌರವಿಸುತ್ತೇನೆ. ಊರಿನ ಚಿಕ್ಕ ತಂಡಕ್ಕೆ ನಾಲ್ಕು ಜನ ಪ್ರೇಕ್ಷಕರನ್ನು ಉಳಿಸಿಕೊಡುವ ಯಾವ ನಿಯಮವಾದರೂ ನನಗೆ ಒಪ್ಪಿಗೆ. ಆದರೆ ನಮ್ಮ ಮನೆಯ ಪಂದ್ಯಾವಳಿಯಲ್ಲಿ ಅದು ನನಗೆ ಕೊಟ್ಟ ಮೇಲುಗೈ ಎಷ್ಟು ದೊಡ್ಡದು ಎಂಬುದು ಅರ್ಥವಾದದ್ದು ಆ ರಾತ್ರಿ.

ನಮ್ಮದು ಏಳು ಜನರ ಲೀಗ್, ಎಲ್ಲರೂ ಒಂದೇ ಅಜ್ಜನ ಮೊಮ್ಮಕ್ಕಳು. ಆಡುವುದು ಫ್ಯಾಂಟಸಿ ಪ್ರೀಮಿಯರ್ ಲೀಗ್. ಇಂಗ್ಲೆಂಡಿನ ಮೇಲಿನ ದರ್ಜೆಯ ಲೀಗಾದ ಪ್ರೀಮಿಯರ್ ಲೀಗಿನ ಆಟಗಾರರನ್ನು ಆಯ್ದು ತಂಡ ಕಟ್ಟಿದರೆ, ನಿಜವಾದ ಪಂದ್ಯದಲ್ಲಿ ಅವರು ಆಡಿದಂತೆ ನಮಗೆ ಅಂಕ. 2002ರಿಂದ ನಡೆಯುತ್ತಿರುವ, ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಜನ ಆಡುವ ಉಚಿತ ಆಟ. ಕಾಲ್ಪನಿಕ ಹತ್ತು ಕೋಟಿ ಪೌಂಡ್‌ಗಳಲ್ಲಿ ಹದಿನೈದು ಜನ ನಿಜವಾದ ಆಟಗಾರರನ್ನು ಕೊಳ್ಳಬೇಕು, ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಸಲ್ಲದು. ಪ್ರತಿ ವಾರ ಹನ್ನೊಂದು ಜನರನ್ನು ಕಣಕ್ಕಿಳಿಸಿ ಒಬ್ಬನನ್ನು ನಾಯಕನನ್ನಾಗಿ ಮಾಡಬೇಕು, ಅವನ ಅಂಕ ಇಮ್ಮಡಿಯಾಗುತ್ತದೆ. ವಾರದ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಇರುವಾಗ ಬಾಗಿಲು ಮುಚ್ಚುತ್ತದೆ. ಆಮೇಲೆ ಏನೂ ಬದಲಿಸುವಂತಿಲ್ಲ. ನಮ್ಮಲ್ಲಿ ಗೆದ್ದವರಿಗೆ ದೊಡ್ಡಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯ ಮೊದಲ ಭರಣಿ. ಹಣದ ಮಾತು ನಮ್ಮ ನಡುವೆ ಎಂದೂ ಬಂದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಸಮಾಧಾನಪಟ್ಟವರಲ್ಲಿ ನಾನೂ ಒಬ್ಬಳು. ಮನೆ ಮಾರಿಕೊಂಡವರನ್ನು ನಮ್ಮ ತಾಲ್ಲೂಕಿನಲ್ಲೇ ಕಂಡಿದ್ದೇನೆ.

ಇನ್ನು ಲಂಡ್‌ಸ್ಟ್ರಮ್. ಹನ್ನೆರಡು ವರ್ಷಗಳ ನಂತರ ಶೆಫೀಲ್ಡ್ ಯುನೈಟೆಡ್ ಪ್ರೀಮಿಯರ್ ಲೀಗಿಗೆ ಮರಳಿದ್ದ ವರ್ಷ ಅದು. ಫ್ಯಾಂಟಸಿ ಆಟದ ಪಟ್ಟಿಯಲ್ಲಿ ಜಾನ್ ಲಂಡ್‌ಸ್ಟ್ರಮ್ ಡಿಫೆಂಡರ್, ಎಂದರೆ ಗೋಲು ಕಾಯುವ ಹಿಂದಿನ ಸಾಲಿನವನು. ಬೆಲೆ ನಲವತ್ತು ಲಕ್ಷ ಪೌಂಡ್, ಎಂದರೆ ಅಂಗಡಿಯಲ್ಲಿ ಸಿಗುವ ಅತ್ಯಂತ ಅಗ್ಗದ ಸರಕು. ಮೈದಾನದಲ್ಲಿ ಅವನು ಆಡುತ್ತಿದ್ದದ್ದು ನಡುಸಾಲಿನಲ್ಲಿ, ಮಿಡ್‌ಫೀಲ್ಡ್‌ನಲ್ಲಿ. ಡಿಫೆಂಡರ್ ಗೋಲು ಹೊಡೆದರೆ ಆರು ಅಂಕ, ಮಿಡ್‌ಫೀಲ್ಡರ್ ಹೊಡೆದರೆ ಐದು, ಫಾರ್ವರ್ಡ್ ಹೊಡೆದರೆ ನಾಲ್ಕು. ತಂಡ ಗೋಲು ಬಿಟ್ಟುಕೊಡದಿದ್ದರೆ ಡಿಫೆಂಡರ್‌ಗೆ ಇನ್ನೂ ನಾಲ್ಕು, ಮಿಡ್‌ಫೀಲ್ಡರ್‌ಗೆ ಒಂದೇ. ಕಾಗದದ ಮೇಲೆ ಹಿಂದೆ, ಹುಲ್ಲಿನ ಮೇಲೆ ಮುಂದೆ ಇರುವ ಇಂಥವನು ಕೈಗೆ ಸಿಗುವುದು ಅಪರೂಪ. ಆಗಸ್ಟ್ ಆರಂಭದಲ್ಲೇ ಅಣ್ಣ ಫೋನಿನಲ್ಲಿ ನಮಗೆಲ್ಲ ಇದನ್ನು ಹೇಳಿದ್ದ. ನಾನು ಕಣ್ಣಿನಿಂದ ನೋಡದೆ ನಂಬಲಿಲ್ಲ. ಆಗಸ್ಟ್ 18ರ ಭಾನುವಾರ ಕ್ರಿಸ್ಟಲ್ ಪ್ಯಾಲೇಸ್ ಎದುರಿನ ಪಂದ್ಯ ನೋಡಿದೆ. 1-0, ಆ ಒಂದು ಗೋಲು ಅವನದೇ. ಮರುದಿನವೇ ಕೊಂಡೆ.

ನವೆಂಬರ್ ಹೊತ್ತಿಗೆ ಲಂಡ್‌ಸ್ಟ್ರಮ್ ಲಕ್ಷಾಂತರ ಜನರ ತಂಡದಲ್ಲಿದ್ದ, ಅಣ್ಣನ ತಂಡದಲ್ಲಿಯೂ. ಹಾಗಾಗಿ ಅವನನ್ನು ಇಟ್ಟುಕೊಂಡಿದ್ದರಿಂದ ಯಾರಿಗೂ ಮೇಲುಗೈ ಇರಲಿಲ್ಲ. ಹನ್ನೊಂದರಲ್ಲಿ ಇಳಿಸಬೇಕೋ, ಅಂಕ ಲೆಕ್ಕಕ್ಕೆ ಬಾರದ ಬೆಂಚಿನ ಮೇಲೆ ಕೂರಿಸಬೇಕೋ ಎಂಬುದಷ್ಟೇ ಪ್ರಶ್ನೆ. ಅಗ್ಗದವನನ್ನು ಬೆಂಚಿನಲ್ಲಿ ಕೂರಿಸಿ ಹೆಸರಾಂತ ಡಿಫೆಂಡರ್‌ಗಳನ್ನು ಆಡಿಸುವುದು ರೂಢಿ. ಅಣ್ಣ ಹಾಗೆಯೇ ಮಾಡಿದ್ದ. ಹಿಂದಿನ ವಾರ ವೆಸ್ಟ್ ಹ್ಯಾಮ್ ಎದುರಿನ ಪಂದ್ಯ ಶನಿವಾರ ಮೂರು ಗಂಟೆಯದು. ಅವನು ನೋಡಿರಲಿಲ್ಲ, ನಾನು ನೋಡಿದ್ದೆ.

ನಾನು ಕಂಡದ್ದು ಇಷ್ಟು. ತರಬೇತುದಾರ ಕ್ರಿಸ್ ವೈಲ್ಡರ್ ಕಟ್ಟಿದ ಆ ಶೆಫೀಲ್ಡ್ ತಂಡದಲ್ಲಿ ಹಿಂದಿನ ಸಾಲಿನ ಮೂವರು ಡಿಫೆಂಡರ್‌ಗಳ ಪೈಕಿ ಎರಡು ಬದಿಯವರು ದಾಳಿಗೆ ಓಡುತ್ತಿದ್ದರು, ಬಲಗಡೆಯಿಂದ ಬಾಶಮ್, ಎಡಗಡೆಯಿಂದ ಓಕಾನಲ್. ಇಂಗ್ಲಿಷ್ ಪತ್ರಿಕೆಗಳು ಈ ವಿಚಿತ್ರದ ಬಗ್ಗೆ ಬಹಳ ಬರೆದವು. ಬಾಶಮ್ ಬದಿಯ ಗೆರೆಯಗುಂಟ ಏರಿ ಹೋದಾಗ ಎದುರಾಳಿಗಳು ಅವನ ಹಿಂದೆ ಹೋಗುತ್ತಾರೆ. ಆಗ ಬಲಗಡೆಯ ಮಿಡ್‌ಫೀಲ್ಡರ್‌ಗೆ ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ ಒಂದು ಖಾಲಿ ಜಾಗ ಒದಗುತ್ತದೆ. ಅಲ್ಲಿಗೆ ಲಂಡ್‌ಸ್ಟ್ರಮ್ ಮತ್ತೆ ಮತ್ತೆ ಬಂದು ನಿಲ್ಲುತ್ತಿದ್ದ. ಚೆಂಡು ಸಿಗಲಿಲ್ಲವೆಂದರೆ ಅಂಕಿಅಂಶಗಳಲ್ಲಿ ಅದು ದಾಖಲಾಗುವುದಿಲ್ಲ. ಬಂದು ನಿಂತದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಅವನನ್ನು ಆಡಿಸಿದೆ. ಬರ್ನ್‌ಲಿ ಎದುರು ಮೊದಲಾರ್ಧದಲ್ಲೇ 3-0, ಎರಡು ಅವನವು. ಗೋಲುಗಳಿಗೆ ಹನ್ನೆರಡು, ಆಡಿದ್ದಕ್ಕೆ ಎರಡು, ಗೋಲು ಬಿಟ್ಟುಕೊಡದ್ದಕ್ಕೆ ನಾಲ್ಕು, ಬೋನಸ್ ಮೂರು, ಒಟ್ಟು ಇಪ್ಪತ್ತೊಂದು. ಅಣ್ಣನ ಮನೆಯ ಕಿಟಕಿಯಲ್ಲಿ ಕೂಗು ಎದ್ದಷ್ಟೂ ಅವನ ಬೆಂಚಿನ ಮೇಲೆ ಅಂಕ ಏರುತ್ತಿತ್ತು. ಮರುವರ್ಷ ಆಟ ನಡೆಸುವವರು ಲಂಡ್‌ಸ್ಟ್ರಮ್‌ನನ್ನು ಮಿಡ್‌ಫೀಲ್ಡರ್ ಎಂದು ತಿದ್ದಿದರು.

ಅಲ್ಲಿಂದ ನೋಟ್‌ಬುಕ್ ಶುರುವಾಯಿತು. ಇನ್ನೂರು ಪುಟದ, ಗೆರೆ ಹಾಕಿದ ಶಾಲೆಯ ಪುಸ್ತಕ. ಪಂದ್ಯಕ್ಕೊಂದು ಪುಟ. ಏನು ಬರೆಯಬೇಕು, ಏನನ್ನು ಬಿಡಬೇಕು ಎಂದು ತಿಳಿಯಲು ಎರಡು ವರ್ಷ ಹಿಡಿಯಿತು.

ಟಿವಿಯ ಕ್ಯಾಮೆರಾ ಚೆಂಡಿನ ಆಳು. ಚೆಂಡು ಹೋದಲ್ಲಿ ಅದೂ ಹೋಗುತ್ತದೆ. ಕ್ರೀಡಾಂಗಣದಲ್ಲಿ ಕುಳಿತವನಿಗೆ ಇಪ್ಪತ್ತೆರಡು ಜನರೂ ಕಾಣುತ್ತಾರೆ, ನಮಗೆ ಅರ್ಧದಷ್ಟು. ಆದ್ದರಿಂದ ಚೆಂಡು ಓಡುತ್ತಿರುವಾಗ ನಾನು ಕಾಣುವುದು ಕೋಟಿ ಜನ ಕಾಣುವುದನ್ನೇ, ಅದರಲ್ಲಿ ಲಾಭವಿಲ್ಲ. ನನಗೆ ಫಲ ಕೊಟ್ಟದ್ದು ಚೆಂಡು ನಿಂತ ಹೊತ್ತು. ಕಾರ್ನರ್, ಫ್ರೀ ಕಿಕ್, ಪೆನಾಲ್ಟಿ, ಬದಲಿ ಆಟಗಾರ ಗೆರೆಯ ಬಳಿ ಕಾಯುವ ಸಮಯ, ಯಾರೋ ಕುಸಿದು ಕುಳಿತಾಗಿನ ಅರ್ಧ ನಿಮಿಷ. ಆಗ ನಿರ್ದೇಶಕನಿಗೆ ತೋರಿಸಲು ಬೇರೇನೂ ಇರುವುದಿಲ್ಲ. ಮುಖಗಳನ್ನು ತೋರಿಸುತ್ತಾನೆ, ಕೈಸನ್ನೆಗಳನ್ನು ತೋರಿಸುತ್ತಾನೆ. ಮನೆಯವರೆಲ್ಲ ನೀರು ಕುಡಿಯಲು ಏಳುವ ಹೊತ್ತು ಅದು. ನಾನು ಪೆನ್ನು ಹಿಡಿಯುವ ಹೊತ್ತೂ ಅದೇ.

ಮೈದಾನದ ಮೂಲೆಯಿಂದ ಚೆಂಡು ಒದೆಯುವ ಕಾರ್ನರ್‌ಗೆ ಪುಟದಲ್ಲಿ ಎರಡು ಮನೆ ಗೆರೆ ಎಳೆದಿರುತ್ತೇನೆ, ಎಡ ಮತ್ತು ಬಲ. ಎರಡೂ ಕಡೆ ಒಬ್ಬನೇ ಹೊಡೆಯಬೇಕೆಂದಿಲ್ಲ. ನಿಕೊಲಾ ಜೋವರ್ ನಿಂತ ಚೆಂಡಿನ ಹೊಡೆತಗಳಿಗೆಂದೇ ಇರುವ ಸೆಟ್ ಪೀಸ್ ತರಬೇತುದಾರನಾಗಿ ಬಂದ ಮೇಲೆ ಆರ್ಸೆನಲ್ ತಂಡ ಇದನ್ನೇ ಒಂದು ವಿದ್ಯೆಯನ್ನಾಗಿ ಬೆಳೆಸಿತು. ಬಲ ಮೂಲೆಯಿಂದ ಎಡಗಾಲಿನ ಸಾಕಾ, ಎಡ ಮೂಲೆಯಿಂದ ಬಲಗಾಲಿನ ರೈಸ್. ಎರಡೂ ಕಡೆಯಿಂದ ಚೆಂಡು ಗೋಲಿನತ್ತ ಬಾಗುತ್ತ ಬರುತ್ತಿತ್ತು. ಗೋಲ್‌ಕೀಪರ್‌ನ ಮೈಗಂಟಿ ಬೆನ್ ವೈಟ್ ನಿಲ್ಲುತ್ತಿದ್ದ. ದೂರದ ಕಂಬದ ಆಚೆಯಿಂದ ಗೇಬ್ರಿಯೆಲ್ ಓಡಿ ಬಂದು ತಲೆ ಕೊಡುತ್ತಿದ್ದ. ಡಿಫೆಂಡರ್ ಆದ್ದರಿಂದ ಗೋಲಿಗೆ ಆರು ಅಂಕ, ಚೆಂಡು ಕಳಿಸಿದವನಿಗೆ ಮೂರು. ಗೋಲಿನ ಹಿಂದಿನ ಕ್ಯಾಮೆರಾದಲ್ಲಿ ರೀಪ್ಲೇ ತೋರಿಸುವಾಗ ಚೆಂಡನ್ನು ಬಿಟ್ಟು ಬೇರೆಯವರನ್ನು ನೋಡಿದರೆ ಯಾರು ಯಾರಿಗೆ ದಾರಿ ಬಿಡಿಸುತ್ತಾರೆ ಎಂಬುದು ಯಕ್ಷಗಾನದ ಪ್ರವೇಶದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಗೋಲಾಗದ ಕಾರ್ನರ್‌ಗಳಲ್ಲಿ ಇದನ್ನು ನೋಡಬೇಕು. ಗೋಲಾದ ಮೇಲೆ ಎಲ್ಲರೂ ನೋಡುತ್ತಾರೆ, ಮರುದಿನ ಬೆಳಿಗ್ಗೆ ಫ್ಯಾಂಟಸಿಯಲ್ಲಿ ಗೋಲು ಹೊಡೆದವನ ಬೆಲೆ ಏರಿರುತ್ತದೆ.

ಪೆನಾಲ್ಟಿಯಲ್ಲಿ ಚೆಂಡು ಯಾರ ಕೈಗೆ ಹೋಗುತ್ತದೆ ಎಂಬುದನ್ನು ನೋಡಬೇಕು. 2024ರ ಏಪ್ರಿಲ್ 15ರ ಚೆಲ್ಸಿ-ಎವರ್ಟನ್ ಪಂದ್ಯ ನಮಗೆ ನಡುರಾತ್ರಿ ಹನ್ನೆರಡೂವರೆಗೆ. ಮೊದಲಾರ್ಧದಲ್ಲೇ ಕೋಲ್ ಪಾಮರ್ ಮೂರು ಗೋಲು ಹೊಡೆದಿದ್ದ. ಎರಡನೆಯ ಅರ್ಧದಲ್ಲಿ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಮಡುವೆಕೆ ಅಪ್ಪಿಕೊಂಡ, ಜಾಕ್ಸನ್ ಬಂದು ಕಿತ್ತುಕೊಳ್ಳಲು ನೋಡಿದ, ಒಂದೇ ತಂಡದವರ ನಡುವೆ ತಳ್ಳಾಟವಾಯಿತು. ನಾಯಕ ಗ್ಯಾಲಹರ್ ಚೆಂಡು ಕಸಿದು ಪಾಮರ್‌ಗೆ ಕೊಟ್ಟ. ಅವನು ಹೊಡೆದ. ಪಂದ್ಯ 6-0. ಮರುದಿನದ ಚರ್ಚೆಯೆಲ್ಲ ಅಶಿಸ್ತಿನ ಬಗ್ಗೆ. ನನಗೆ ಆ ಜಗಳ ಕೊಟ್ಟ ತಿಳಿವು ಬೇರೆ: ಪಾಮರ್ ಮೈದಾನದಲ್ಲಿರುವವರೆಗೆ ಆ ತಂಡದ ಪೆನಾಲ್ಟಿ ಮತ್ತಾರಿಗೂ ಹೋಗುವುದಿಲ್ಲ. ಅದನ್ನು ನಾಯಕನೇ ಎಲ್ಲರೆದುರು ಹೇಳಿದಂತಾಯಿತು.

ಅರವತ್ತನೆಯ ನಿಮಿಷದ ಬಗ್ಗೆಯೂ ಹೇಳಬೇಕು. ಅರವತ್ತು ನಿಮಿಷ ಆಡಿದವನಿಗೆ ಎರಡು ಅಂಕ, ಅದಕ್ಕೆ ಮುಂಚೆ ಹೊರನಡೆದರೆ ಒಂದು. ಗೋಲು ಬಿಟ್ಟುಕೊಡದ ಅಂಕವೂ ಹೋಗುತ್ತದೆ. ಕೆಲವು ತರಬೇತುದಾರರು ಬದಿಯ ಆಟಗಾರರನ್ನು ಪ್ರತಿ ವಾರ ಹೆಚ್ಚುಕಡಿಮೆ ಒಂದೇ ನಿಮಿಷಕ್ಕೆ ಹೊರಗೆ ಕರೆಯುತ್ತಾರೆ. ಮೂರು ವಾರ ಬರೆದಿಟ್ಟರೆ ಅಭ್ಯಾಸ ಕಣ್ಣಿಗೆ ಕಾಣುತ್ತದೆ. ಹೊರಬರುವಾಗ ತೊಡೆಯ ಹಿಂಭಾಗ ಮುಟ್ಟಿಕೊಂಡನೇ, ಬೆಂಚಿನಲ್ಲಿ ಮಂಜುಗಡ್ಡೆ ಕಟ್ಟಿಸಿಕೊಂಡನೇ ಎಂಬುದನ್ನು ಕ್ಯಾಮೆರಾ ಒಂದು ಕ್ಷಣ ತೋರಿಸಿ ಮರೆಯುತ್ತದೆ. ಪತ್ರಿಕಾಗೋಷ್ಠಿಯಲ್ಲಿ ತರಬೇತುದಾರ 'ಚೆನ್ನಾಗಿದ್ದಾನೆ' ಎನ್ನುವುದು ಎರಡು ದಿನ ಕಳೆದ ಮೇಲೆ.

ಮುಖ್ಯಾಂಶಗಳನ್ನು ಮಾತ್ರ ನೋಡಿ ಆಟಗಾರನನ್ನು ಕೊಳ್ಳುವುದನ್ನು ಬಿಟ್ಟಿದ್ದೇನೆ. ಅಣ್ಣನಿಗೆ ಶನಿವಾರ ರಾತ್ರಿ ಬಿಬಿಸಿಯ 'ಮ್ಯಾಚ್ ಆಫ್ ದಿ ಡೇ' ಇದೆ, 1964ರಿಂದ ನಡೆದುಬಂದ ಕಾರ್ಯಕ್ರಮ, ಅವನ ಪಾಲಿಗೆ ಪೂಜೆಯಂತೆ. ಆದರೆ ಹತ್ತು ನಿಮಿಷದ ತುಣುಕಿನಲ್ಲಿ ಬರುವುದೆಲ್ಲ ಹೊಡೆತಗಳೇ ಆದ್ದರಿಂದ ಅದರಲ್ಲಿ ಪ್ರತಿಯೊಬ್ಬ ಫಾರ್ವರ್ಡ್ ಹುಲಿಯಂತೆ ಕಾಣುತ್ತಾನೆ. ಉಳಿದ ಎಂಬತ್ತು ನಿಮಿಷ ಅವನು ಎಲ್ಲಿದ್ದ? ಹಾಗೆಂದು ಕಣ್ಣೊಂದನ್ನೇ ನಂಬುವಂತೆಯೂ ಇಲ್ಲ. ಚುರುಕಾಗಿ ತಿರುಗುವ, ಸೊಗಸಾಗಿ ಓಡುವ ಆಟಗಾರನಿಗೆ ಕಣ್ಣು ಸೋಲುತ್ತದೆ. ಅವನಿಗೆ ಸಿಕ್ಕ ಅವಕಾಶಗಳು ಗೋಲಿಗೆ ಎಷ್ಟು ಯೋಗ್ಯವಾಗಿದ್ದವು ಎಂದು ಅಳೆಯುವ ಎಕ್ಸ್‌ಜಿ ಲೆಕ್ಕ ಹಾಗೆ ಸೋಲುವುದಿಲ್ಲ. ಗೋಲು ಹೊಡೆಯುವವರ ವಿಷಯದಲ್ಲಿ ಈಗ ನಾನು ಲೆಕ್ಕವನ್ನೇ ಕೇಳುತ್ತೇನೆ. ಯಾರು ಎಲ್ಲಿ ನಿಲ್ಲುತ್ತಾರೆ, ಚೆಂಡು ಯಾರ ಕಾಲಿಗೆ ಒಪ್ಪಿಸಲ್ಪಡುತ್ತದೆ ಎಂಬ ವಿಷಯದಲ್ಲಿ ಮಾತ್ರ ಕಣ್ಣು.

ನನ್ನ ಪುಟಗಳಲ್ಲಿ ಪ್ರಶ್ನೆಚಿಹ್ನೆಗಳೂ ಇವೆ. ಹಿಂದಿನ ಹೊಡೆತದ ರೀಪ್ಲೇ ಓಡುತ್ತಿರುವಾಗಲೇ ಅತ್ತ ಕಾರ್ನರ್ ಮುಗಿದಿರುತ್ತದೆ. ಪ್ರಸಾರ ಮರಳಿ ಬರುವಷ್ಟರಲ್ಲಿ ಚೆಂಡು ಗಾಳಿಯಲ್ಲಿರುತ್ತದೆ. ಯಾರು ಹೊಡೆದರೋ ತಿಳಿಯುವುದಿಲ್ಲ. ಊಹಿಸಿ ತುಂಬುವುದಿಲ್ಲ. ಆ ಮನೆಯನ್ನು ಖಾಲಿ ಬಿಡುತ್ತೇನೆ.

ಒಂದು ಶನಿವಾರ ನಾನು ಅಣ್ಣನಿಗೆ ಸುಳ್ಳು ಹೇಳಿದೆ. ಮೂರು ಗಂಟೆಯ ಪಂದ್ಯವೊಂದರಲ್ಲಿ ಎಂದಿನವನು ಮೈದಾನದಲ್ಲಿದ್ದರೂ ಬೇರೊಬ್ಬ ಯುವಕ ಕಾರ್ನರ್‌ಗಳನ್ನೆಲ್ಲ ಹೊಡೆದಿದ್ದ. ಅಣ್ಣ ಎಂದಿನಂತೆ ಕೇಳಿದ: 'ಕಾರ್ನರ್ ಯಾರದು?' ನಾನು ಹಳೆಯ ಹೆಸರನ್ನೇ ಬರೆದೆ. ಯುವಕನನ್ನು ಕೊಂಡೆ. ಎರಡು ವಾರಕ್ಕೆ ಅಂಕ ಬಂತು, ಅಣ್ಣನನ್ನು ಹಿಂದೆ ಹಾಕಿದೆ. ರಾತ್ರಿ ನಿದ್ದೆ ಬರಲಿಲ್ಲ. ನೋಡಲು ಸಿಗದವನು ಕೇಳಿದಾಗ, ನೋಡಿದವಳು ಸುಳ್ಳು ಹೇಳಿದ್ದಳು. ಬೆಳಿಗ್ಗೆ ಫೋನ್ ಮಾಡಿ ಒಪ್ಪಿಕೊಂಡೆ. 'ನೀನು ಕಂಡದ್ದು ನಿನ್ನದು, ಹೇಳಲೇಬೇಕೆಂದು ಎಲ್ಲಿದೆ ತಂಗೀ' ಎಂದ. ಬೈದಿದ್ದರೆ ಹಗುರಾಗುತ್ತಿತ್ತು. ಆ ವಾರದಿಂದ ಪ್ರತಿ ಭಾನುವಾರ ಬೆಳಿಗ್ಗೆ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ಆರೂ ಜನರಿಗೆ ಕಳಿಸುತ್ತೇನೆ. ಅದಾದ ಮೇಲೂ ಎರಡು ಸಲ ಭರಣಿ ನನಗೇ ಬಂದಿದೆ. ಪುಟ ಎಲ್ಲರಿಗೂ ಒಂದೇ, ಅದರಿಂದ ಯಾರನ್ನು ಆಯ್ದುಕೊಳ್ಳಬೇಕು ಎಂಬುದು ಅವರವರ ಧೈರ್ಯ.

ಕೊರೊನಾ ಕಾಲದಲ್ಲಿ ಆ ಕತ್ತಲೆಯ ನಿಯಮವನ್ನು ಕೆಲಕಾಲ ಬದಿಗಿಟ್ಟರು. ಕ್ರೀಡಾಂಗಣಕ್ಕೆ ಯಾರೂ ಹೋಗುವಂತಿರಲಿಲ್ಲವಾದ್ದರಿಂದ ಎಲ್ಲ ಪಂದ್ಯಗಳೂ ಬ್ರಿಟನ್ನಿನ ಟಿವಿಯಲ್ಲಿ ಬಂದವು. ಮೂರು ತಿಂಗಳ ಬಿಡುವಿನ ನಂತರ 2020ರ ಜೂನ್ 17ರಂದು ಲೀಗ್ ಮತ್ತೆ ಶುರುವಾದಾಗ ಮೊದಲ ಪಂದ್ಯ ಆಸ್ಟನ್ ವಿಲ್ಲಾ ಮತ್ತು ನಮ್ಮ ಶೆಫೀಲ್ಡ್ ಯುನೈಟೆಡ್ ನಡುವೆ. ಸಾಗರದಲ್ಲಿ ಮಳೆ ಹಿಡಿದಿತ್ತು, ಕರೆಂಟು ಇರಲಿಲ್ಲ. ರಾತ್ರಿ ಹತ್ತೂವರೆಗೆ ಮೊಬೈಲ್‌ನ ಉಳಿದ ಚಾರ್ಜ್ ಎಣಿಸುತ್ತ ಕುಳಿತೆ. ಅಣ್ಣ ಮತ್ತು ನಾನು ಒಂದೇ ಆಟವನ್ನು ನೋಡುತ್ತಿದ್ದೆವು. ನಾರ್ವುಡ್‌ನ ಫ್ರೀ ಕಿಕ್ಕನ್ನು ಹಿಡಿದ ವಿಲ್ಲಾ ಗೋಲ್‌ಕೀಪರ್ ನೈಲಾಂಡ್ ಚೆಂಡಿನೊಂದಿಗೇ ಗೆರೆಯ ಆಚೆ ಸರಿದ. ಚೆಂಡು ಒಳಗೆ ಹೋದದ್ದನ್ನು ಇಡೀ ಜಗತ್ತು ಕಂಡಿತು. ಗೋಲಿನ ಗೆರೆ ಕಾಯುವ ಯಂತ್ರ ಮಾತ್ರ ರೆಫರಿಯ ಕೈಗಡಿಯಾರಕ್ಕೆ ಸುದ್ದಿ ಕಳಿಸಲಿಲ್ಲ. ಪಂದ್ಯ 0-0. ವಿಲ್ಲಾ ಆ ವರ್ಷ ಒಂದೇ ಅಂಕದಿಂದ ಮೇಲಿನ ದರ್ಜೆಯಲ್ಲಿ ಉಳಿದುಕೊಂಡಿತು. ಫ್ಯಾಂಟಸಿಯಲ್ಲಿ ಗೋಲ್‌ಕೀಪರ್‌ಗೆ ನಾಲ್ಕು ಅಂಕವೂ ಬಂತು. ಅಣ್ಣ ಫೋನಿನಲ್ಲಿ ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ 'ಇಬ್ಬರೂ ಕಂಡೆವಲ್ಲ' ಎಂದ.

ಶೆಫೀಲ್ಡ್ ಯುನೈಟೆಡ್ ಮರುವರ್ಷ ಕೆಳಗಿನ ದರ್ಜೆಗೆ ಇಳಿಯಿತು, 2023ರಲ್ಲಿ ಮತ್ತೆ ಮೇಲೆ ಬಂತು. ಆ ಸೆಪ್ಟೆಂಬರ್ 24ರ ಭಾನುವಾರ ನ್ಯೂಕಾಸಲ್ ಬ್ರಮಾಲ್ ಲೇನ್‌ಗೆ ಬಂದಾಗ ಅಣ್ಣನಿಗೆ ಎರಡು ಟಿಕೆಟ್ ಸಿಕ್ಕಿದ್ದವು. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಹೋದ. ನನ್ನ ತಂಡದಲ್ಲಿ ನ್ಯೂಕಾಸಲ್‌ನ ಕೀರನ್ ಟ್ರಿಪ್ಪಿಯರ್ ಇದ್ದ. ಅವನ ಕಾಲಿನಿಂದ ಹೊರಟ ಚೆಂಡುಗಳು ಮೂರು ಗೋಲುಗಳಾದವು, ಅವುಗಳಲ್ಲಿ ಎರಡು ಬರ್ನ್ ಮತ್ತು ಬೋಟ್‌ಮನ್ ಎಂಬ ಡಿಫೆಂಡರ್‌ಗಳದು. ಪಂದ್ಯ ಮುಗಿದಾಗ 8-0, ಎಂಟು ಗೋಲಿಗೆ ಎಂಟು ಬೇರೆ ಬೇರೆ ಜನ. ನನ್ನ ಪುಟ ತುಂಬಿತ್ತು. ಗೋಲುಗಳ ರೀಪ್ಲೇ ಇಷ್ಟೊಂದಾದಾಗ ಪ್ರಸಾರಕ್ಕೆ ಪುರುಸೊತ್ತು ಎಲ್ಲಿ, ಎರಡು ಮನೆಗಳಲ್ಲಿ ಪ್ರಶ್ನೆಚಿಹ್ನೆಯೂ ಇತ್ತು. ಐದನೆಯ ಗೋಲಿನ ಹೊತ್ತಿಗೆ ಖಾಲಿಯಾಗುತ್ತಿದ್ದ ಆಸನಗಳನ್ನು ಕ್ಯಾಮೆರಾ ತೋರಿಸಿತು. ಅಲ್ಲಿ ಅಣ್ಣನನ್ನು ಹುಡುಕಿದೆ.

ನಮ್ಮಲ್ಲಿ ಹನ್ನೆರಡರ ಹೊತ್ತಿಗೆ ಅವನ ಫೋನ್ ಬಂತು.

'ನಿನ್ನಲ್ಲಿ ಟ್ರಿಪ್ಪಿಯರ್ ಇದ್ದನಾ?'

'ಇದ್ದ.'

'ಒಳ್ಳೆಯದಾಯಿತು. ನಾವು ಕೊನೆಯವರೆಗೂ ಇದ್ದೆವು. ನಾನು ಏಳೋಣ ಎಂದೆ, ಇವಳು ಬಿಡಲಿಲ್ಲ. ತಾಳು, ಏನೋ ಹೇಳಬೇಕಂತೆ.'

ಫೋನ್ ಕೈ ಬದಲಾಯಿತು. ಹಿಂದೆ ಬಸ್ಸಿನ ಸದ್ದು. ಭಾನುವಾರ ಬೆಳಿಗ್ಗೆ ನಾನು ಕಳಿಸುವ ಪುಟಗಳನ್ನು ಅವಳು ಅಪ್ಪನ ಮೊಬೈಲ್‌ನಲ್ಲಿ ನೋಡುತ್ತಿದ್ದಳಂತೆ, ನನಗದು ಗೊತ್ತಿರಲಿಲ್ಲ. ಚಿಪ್ಸ್ ಕೊಂಡ ಕಾಗದದ ಚೀಲದ ಮೇಲೆ ಎಡ, ಬಲ ಎಂದು ಎರಡು ಮನೆ ಎಳೆದು, ಪ್ರತಿ ಕಾರ್ನರ್‌ಗೂ ಹೊಡೆದವನ ಅಂಗಿಯ ನಂಬರ್ ಬರೆದಿದ್ದಳು. ಒಂದನ್ನೂ ಬಿಟ್ಟಿರಲಿಲ್ಲ. ಅಲ್ಲಿ ರೀಪ್ಲೇ ಇಲ್ಲವಲ್ಲ.

'ಅತ್ತೇ, ನಿಮ್ಮ ಪುಟದಲ್ಲಿ ಖಾಲಿ ಇದೆಯಾ?'

'ಎರಡು ಇದೆ ಪುಟ್ಟಿ.'

'ಎಡಗಡೆಯದಾ, ಬಲಗಡೆಯದಾ? ಮೊದಲು ಯಾವುದು ಹೇಳಲಿ?'